ಕಂಬಳಿ ಚೀಲದ ಕಿಂಡಿ

ಮೈಸೂರು
4ನೇ ಜನವರಿ 1936

ಚಿ|| ಸೌ|| ಇಂದ್ರಮ್ಮನಿಗೆ ನಿನ್ನ ಯಜಮಾನ ಚಲುವರಾಜು ತಿಳಿಸುವುದು. ನಾನು ಚೆನ್ನಾಗಿದ್ದೇನೆ. ಕ್ಯಾತನಹಳ್ಳಿಯಲ್ಲಿ ಅವ್ವ, ನೀನು, ನಮ್ಮ ಮಗಳು ಬೋರಿ ಮೂವರೂ ಚೆನ್ನಾಗಿದ್ದೀರೆಂದು ನಂಬಿ ಮುಂದಕ್ಕೆ ಬರೆಯುತ್ತೇನೆ.

ಹೋಗುವುದು ಗಟ್ಟಿಯಾಯಿತು ಕಣಮ್ಮಿ. ಮೊಂಬಾಸಾ ಅಂತ ಊರು, ಆಫ್ರಿಕಾದ ಸಮುದ್ರದ ದಡದಲ್ಲಿದೆ. ಬೊಂಬಾಯಿಯ ಸೇಠ್ ಒಬ್ಬರು ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಮೂರು ವರ್ಷದ ಮಾತು. ಫೆಬ್ರವರಿ ನಡುವಿನಲ್ಲಿ ಹಡಗು. ಇಲ್ಲಿಯ ಸ್ಟುಡಿಯೋ ಯಜಮಾನರು ಖುಷಿಯಾಗಿ ತಮ್ಮ ಪೆಟ್ಟಿಗೆ ಕ್ಯಾಮೆರಾವನ್ನು ನನಗೇ ಕೊಟ್ಟುಬಿಟ್ಟರು. ನನ್ನದು ಅಂತ ಒಂದು ಕ್ಯಾಮೆರಾ! ರಾತ್ರಿ ತಲೆಯ ಹತ್ತಿರವೇ ಇಟ್ಟುಕೊಂಡು ಮಲಗುತ್ತೇನೆ.

ಈಗ ಚೀಲದ ವಿಚಾರ. ಅದಕ್ಕೆ ತೊಗಲಿನ ಕೇಸು ಇದೆ. ಅದನ್ನು ಹೆಗಲಿಗೆ ಹಾಕಿಕೊಂಡರೆ ‘ಬನ್ನಿರಪ್ಪಾ, ಇದರೊಳಗೆ ಕ್ಯಾಮೆರಾ ಇದೆ’ ಎಂದು ಕಳ್ಳರನ್ನು ಕೂಗಿ ಕರೆದಂತೆ. ಬೊಂಬಾಯಿ ಬಂದರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಸುತ್ತಾರಂತೆ. ನಮ್ಮ ಕಡೆಯಾದರೂ ಅದರಿಂದ ಸುಖವಿಲ್ಲ. ಹೋದ ತಿಂಗಳು ಬಾಬುರಾಯನಕೊಪ್ಪಲಿನಲ್ಲಿ ನೀರು ಕುಡಿಯಲು ನಿಂತರೆ ಹೆಂಗಸರೆಲ್ಲ ಆಚೆಗೆ ಬಂದು ‘ಯಾರ ಮನೇಲಪ್ಪಾ?’ ಎಂದು ಕೇಳಿದರು. ನಾನು ಊರೂರಿಗೆ ಹೋಗಿ ತೆಗೆದದ್ದು ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕಿದ ಹೆಣಗಳ ಪಟವೇ ತಾನೆ. ಆ ಕೇಸು ಕಂಡರೆ ಸಾವು ಬಂತು ಅಂತಲೇ ಜನರ ಲೆಕ್ಕ.

ಆದ್ದರಿಂದ ಯಾರೂ ಎರಡನೇ ಸಲ ತಿರುಗಿ ನೋಡದಂಥ ಒಂದು ಚೀಲ ಹೊಲಿದುಕೊಡು. ಖಾದಿ ಬೇಡ, ಕಾಂಗ್ರೆಸ್ಸಿನವನೆಂದು ಪೋಲೀಸರು ಬಿಚ್ಚಿ ನೋಡುತ್ತಾರೆ. ಹೊಸ ಬಟ್ಟೆ ಬೇಡ. ಹೂವು ಬಳ್ಳಿ ಏನೂ ಬೇಡ. ಅಳತೆ ಬೇರೆ ಚೀಟಿಯಲ್ಲಿದೆ. ನಾಲ್ಕನೇ ಕ್ಲಾಸು ಓದಿದ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ, ಅಳತೆ ಬರೆದು ಕಳಿಸಬಹುದು.

ಇಂತಿ ನಿನ್ನ
ಚಲುವರಾಜು


ಕ್ಯಾತನಹಳ್ಳಿ
9ನೇ ಜನವರಿ 1936

ಯಜಮಾನರ ಪಾದಗಳಿಗೆ ಅಂತ ಶುರು ಮಾಡ್ಬೇಕು ಅಂತ ನಮ್ಮಣ್ಣ ಲಿಂಗಣ್ಣ ಹೇಳ್ಕೊಟ್ಟವ್ನೆ. ಮಾಡ್ದೆ. ಈಗ ಕೇಳಿ.

ಮೂರ್ ವರ್ಸ ಅನ್ನೋದ ಒಂದ್ ಸಾಲ್ನಲ್ಲಿ ಬರ್ದು ಚೀಲದ್ ವಿಚಾರ ಪುಟಗಟ್ಲೆ ಬರ್ದಿದೀರಲ್ಲ, ಎಂತಾ ಗಂಡಸಪ್ಪಾ ನೀವು! ಟಪಾಲು ಹುಚ್ಚಣ್ಣ ಕಾಗ್ದ ಕೊಟ್ಟಾಗ ಅತ್ತೆ ಯಾವತ್ತಿನಂಗೆ ಕಂಬಕ್ಕೆ ಒರಗಿ ಕೂತ್ಕಂಡ್ರು, ನಾನು ಓದ್ದೆ. ಮೂರ್ ವರ್ಸ ಅಂದಿದ್ದಕ್ಕೆ ಅವ್ರು ‘ಮುಂದುಕ್ ಓದು’ ಅಂದ್ರು, ಅಷ್ಟೆ. ಆಮೇಲೆ ಹಟ್ಟಿ ಹಿಂದಕ್ ಹೋಗಿ ಬಾಳ ಹೊತ್ತು ಬರ್ಲಿಲ್ಲ.

ನಾನೂ ಅತ್ತೆ ಕೂತ್ಕಂಡು ಒಂದೊಂದ್ ಚೀಲಾನೂ ನೆನುಸ್ಕಂಡು ನೋಡುದ್ವಿ. ಗೋಣಿ ಚೀಲ ತಗಂಡು ಹಡಗು ಹತ್ತುದ್ರೆ ಕೂಲಿಯೋನು ಅಂತ ತಳ್ಳಾಕ್ತಾರೆ. ಎಲೆಅಡ್ಕೆ ಚೀಲ ಸಣ್ದಾಯ್ತದೆ. ರಾಗಿಹಿಟ್ಟಿನ್ ಚೀಲ ಆದೀತು ಅಂದೆ, ಒಗುದ್ರೂ ಹಿಟ್ಟು ಉದುರ್ತದೆ, ನಿಮ್ ಕ್ಯಾಮೆರಾ ಕೆಮ್ಮೀತು. ಕೊನೆಗೆ ಅತ್ತೇನೇ ಎದ್ದೋಗಿ ಮಾವಯ್ಯ ಕಬ್ಬಿನ್ ಗದ್ದೆ ಕಾವಲಿಗೆ ಹೊದಿತಿದ್ರಲ್ಲ, ಆ ಕರಿ ಕಂಬ್ಳಿ ತಂದ್ರು. ಇನ್ನಾ ಆಲೆಮನೆ ಹೊಗೆ ವಾಸ್ನೆ ಅದೆ ಅದ್ರಲ್ಲಿ. ಕಂಬ್ಳಿ ಚೀಲ ಹೊತ್ತೋನ ಯಾವ ಕಳ್ಳ ಮುಟ್ಟಾನು? ಹಳ್ಳಿ ಗಮಾರ, ಬುತ್ತಿ ಕಟ್ಕಂಡು ಹೊಂಟವ್ನೆ ಅನ್ಕತಾನೆ.

ನಿಮ್ ಮಗಳು ಅಳತೆ ಚೀಟೀನ ಬಾಯ್ಗಾಕ್ಕಂಡು ಅರ್ಧ ತಿಂದವ್ಳೆ. ಇನ್ನೊಂದು ಕಳ್ಸಿ.

ಇಂದ್ರಮ್ಮ


ಮೈಸೂರು
15ನೇ ಜನವರಿ 1936

ಚಿ|| ಸೌ|| ಇಂದ್ರಮ್ಮನಿಗೆ,

ಅಳತೆ ಮತ್ತೆ ಕಳಿಸಿದ್ದೇನೆ, ಬೋರಿಗೆ ಸಿಗದ ಹಾಗೆ ಇಡು. ಕಂಬಳಿಯೇ ಸರಿ. ನೀವಿಬ್ಬರೂ ನನಗಿಂತ ಚೆನ್ನಾಗಿ ಯೋಚನೆ ಮಾಡಿದ್ದೀರಿ. ಆದರೆ ಒಳಗಡೆ ಮೆತ್ತನೆಯ ಹಳೆ ಸೀರೆ ಕೊಟ್ಟು ಹೊಲಿ. ಕಂಬಳಿಯ ಒಂದು ಕೂದಲು ಗಾಜಿನ ಮೇಲೆ ಕೂತರೆ ಪಟದಲ್ಲಿ ಹಗ್ಗದಷ್ಟು ದಪ್ಪ ಕಾಣುತ್ತದೆ.

ಇನ್ನೊಂದು. ಚೀಲದ ಮುಂಭಾಗದಲ್ಲಿ ಒಂದು ಕಿಂಡಿ ಬೇಕು, ಹುಣಸೆಬೀಜ ಇಟ್ಟು ಆಡುವ ಅಳಗುಳಿ ಮಣೆಯ ಕುಳಿಯಷ್ಟು ಅಗಲ. ಮೇಲೆ ಮುಚ್ಚಳದ ಹಾಗೆ ಒಂದು ತುಂಡು ಕಂಬಳಿ ಹೊಲಿ. ಯಾಕೆ ಅಂತೀಯಾ? ಕ್ಯಾಮೆರಾ ಕಂಡ ಕೂಡಲೆ ಜನ ಮರದ ಗೊಂಬೆಗಳಾಗುತ್ತಾರೆ. ಬದುಕಿರುವವರೂ ಹೆಣದ ಹಾಗೆ ಬಿಗಿದುಕೊಂಡು ಕೂರುತ್ತಾರೆ. ನನಗೆ ನಗುವವರ, ಜಗಳವಾಡುವವರ, ಉಣ್ಣುವವರ ಪಟ ತೆಗೆಯಬೇಕು ಅಂತ ಆಸೆ. ಚೀಲದೊಳಗಿಂದ ತೆಗೆದರೆ ಯಾರಿಗೆ ಗೊತ್ತಾಗುತ್ತದೆ?

ಚೀಲ ತೆಗೆದುಕೊಂಡು ಹೋಗಲು ತಿಂಗಳ ಕೊನೆಗೆ ಬರುತ್ತೇನೆ. ಇಂದ್ರಮ್ಮಿ, ಕೋಪ ಮಾಡಿಕೊಳ್ಳಬೇಡ, ಮತ್ತೆ ಕೇಳುತ್ತಿದ್ದೇನೆ. ಬೋರಿಯದು ಒಂದೇ ಒಂದು ಪಟ ತೆಗೆದುಕೊಳ್ಳಲೇ? ಊರವರ ಮುಖವೆಲ್ಲ ತೆಗೆದವನಿಗೆ ತನ್ನ ಮಗಳ ಮುಖ ಇಲ್ಲ. ನಾನು ಬರುವಷ್ಟರಲ್ಲಿ ಅವಳು ಲಂಗ ಉಟ್ಟುಕೊಂಡು ಓಡಾಡುವ ಹುಡುಗಿಯಾಗಿರುತ್ತಾಳೆ. ಈಗಿನ ಮುಖ ನನಗೆ ಎಲ್ಲಿ ಸಿಗುತ್ತದೆ? ಅವ್ವನನ್ನು ನೀನೇ ಒಪ್ಪಿಸು.

ಚಲುವರಾಜು


ಕ್ಯಾತನಹಳ್ಳಿ
21ನೇ ಜನವರಿ 1936

ಯಜಮಾನರಿಗೆ,

ಚೀಲ ಆಯ್ತು. ನೋಡುದ್ರೆ ಯಾರ್ಗೂ ಬ್ಯಾಡ ಅನ್ನುಸ್ಬೇಕು ಅಂದಿದ್ರಲ್ಲ, ಅಂಗೇ ಆಗದೆ. ಒಳಗಡೆ ನನ್ ಬಸುರಿ ಸೀರೆ ಹಾಕಿವ್ನಿ, ಒಗ್ದು ಒಗ್ದು ಬೆಣ್ಣೆಯಂಗಾಗಿತ್ತು. ಕಿಂಡೀನೂ ಮಾಡಿವ್ನಿ. ಪಕ್ಕದಲ್ಲೊಂದು ಸಣ್ಣ ಜೇಬು, ಫಿಲಂ ಸುರುಳಿ ಮಡಿಕ್ಕಳಾಕೆ.

ಪಟದ್ ವಿಚಾರ ಅತ್ತೇನ ಕೇಳ್ದೆ. ಕೇಳ್ಬಾರ್ದಿತ್ತು. ಈ ಮನೇಲಿ ಮಗೀಗೆ ಮೇಲುಕೋಟೆ ಚೆಲುವರಾಯನಿಗೆ ಮುಡಿ ಕೊಡೋಗಂಟ ಕನ್ನಡೀನೂ ತೋರ್ಸಾಕಿಲ್ಲ, ಪಟ ಎಲ್ಲಿ ಬಂತು ಅಂದ್ರು. ‘ಅವ್ನು ಪಟ ತೆಗ್ದೋರಲ್ಲಿ ಎದ್ದು ಓಡಾಡ್ತಿರೋರು ಎಷ್ಟ್ ಜನ ಅವ್ರೆ ಹೇಳು’ ಅಂದ್ರು.

ನಿಜ ಹೇಳ್ಬೇಕಂದ್ರೆ ನಂಗೂ ಹೆದ್ರಿಕೆ ಆಯ್ತದೆ. ನೀವು ಓದಿರೋರು, ನಗ್ತೀರಿ. ಮೊದಲ್ನೇದು ಹುಟ್ಟಿದ್ ದಿವ್ಸವೇ ಹೋಯ್ತು. ಇದು ಉಳಿದವ್ಳೆ. ಇವ್ಳ್ ವಿಚಾರ್ದಲ್ಲಿ ನಂಗೆ ಯಾರ್ ಏನ್ ಹೇಳುದ್ರೂ ನಂಬ್ಬುಡ್ತೀನಿ. ಮುಂದಿನ್ ವರ್ಸ ಮುಡಿ ಕೊಟ್ಮೇಲೆ ಅಣ್ಣನ್ ಕೈಲಿ ಫೋಟೋದೋನ ಕರ್ಸಿ ತೆಗ್ಸಿ ನಾನೇ ಕಳುಸ್ತೀನಿ. ಈಗ ಬ್ಯಾಡ. ಬಂದಾಗ ಎತ್ಕಂಡು ಆಡ್ಸಿ, ಕಣ್ತುಂಬ ನೋಡ್ಕಂಡ್ ಹೋಗಿ.

ಬರೋವಾಗ ಸಾಸ್ವೆ ತನ್ನಿ, ಮುಗ್ದೋಗದೆ.

ಇಂದ್ರಮ್ಮ


ಬೊಂಬಾಯಿ
12ನೇ ಫೆಬ್ರವರಿ 1936

ಚಿ|| ಸೌ|| ಇಂದ್ರಮ್ಮನಿಗೆ,

ನಾಡಿದ್ದು ಹಡಗು. ನಿನ್ನ ಚೀಲ ಗೆದ್ದಿತು ಕಣಮ್ಮಿ! ರೈಲಿನಲ್ಲಿ ನನ್ನ ಜೊತೆ ಕೂತಿದ್ದವನ ಹೊಸ ಟ್ರಂಕು ಪೂನಾದಲ್ಲಿ ಮಾಯವಾಯಿತು. ನನ್ನ ಚೀಲವನ್ನು ಯಾರೋ ತಲೆದಿಂಬು ಮಾಡಿಕೊಂಡು ಮಲಗಿದ್ದರು. ನಿನ್ನೆ ಹಡಗಿನ ಚೀಟಿಗೆ ಬಂದರಿಗೆ ಹೋದಾಗ ಸುಂಕದವನು ಮೂಸಿ ನೋಡಿ ಮೂತಿ ತಿರುಗಿಸಿ ‘ಹೋಗು ಹೋಗು’ ಅಂದ. ಅಪ್ಪಯ್ಯನ ಕಂಬಳಿಯ ಹೊಗೆ ವಾಸನೆ ಅವನಿಗೆ ಹಿಡಿಸಲಿಲ್ಲ. ನನಗೆ ಮಾತ್ರ ರಾತ್ರಿ ಅದರ ಮೇಲೆ ಮುಖ ಇಟ್ಟರೆ ನಿದ್ದೆ ಬರುತ್ತದೆ.

ನಿನಗೆ ಒಂದು ವಿಷಯ ಹೇಳಬೇಕು. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಹೊರಡುವ ಬೆಳಿಗ್ಗೆ ನೀನು ಬುತ್ತಿ ಕಟ್ಟುತ್ತಿದ್ದೆ, ಅವ್ವ ಕೊಟ್ಟಿಗೆಯಲ್ಲಿದ್ದಳು. ಬೋರಿ ಜಗಲಿಯ ಮೇಲೆ ಬಿಸಿಲಿನಲ್ಲಿ ಕೂತಿದ್ದಳು. ನಾನು ಅಂಗಳದಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ‘ಬೋರೀ’ ಅಂದೆ. ನನ್ನ ಕಡೆ ನೋಡಿದಳು. ಕಿಂಡಿಯ ಮುಚ್ಚಳ ಎತ್ತಿ, ಚೀಲದೊಳಗೆ ಕೈ ಹಾಕಿ ಗುಂಡಿ ಒತ್ತಿಬಿಟ್ಟೆ. ಅಷ್ಟೇ. ಅವಳಿಗೇ ಗೊತ್ತಾಗಲಿಲ್ಲ. ಚೀಲದಲ್ಲಿ ತೆಗೆದ ಮೊದಲನೆಯ ಪಟ ನಮ್ಮ ಮಗಳದು. ಫಿಲಂ ಇನ್ನೂ ಕ್ಯಾಮೆರಾದೊಳಗೇ ಇದೆ, ಮೊಂಬಾಸಾದಲ್ಲಿ ತೊಳೆದು ನೋಡಬೇಕು.

ಬೈಯಬೇಡ. ಮೂರು ವರ್ಷ ಬರಿಗೈಯಲ್ಲಿ ಹೇಗಿರಲಿ? ಇದನ್ನು ಅವ್ವನ ಎದುರು ಮಾತ್ರ ಬಾಯಿ ಬಿಡಬೇಡ.

ಮೊಂಬಾಸಾದ ವಿಳಾಸ ಕೆಳಗಿದೆ.

ಚಲುವರಾಜು


ಕ್ಯಾತನಹಳ್ಳಿ
20ನೇ ಫೆಬ್ರವರಿ 1936

ಯಜಮಾನರಿಗೆ,

ಅತ್ತೆ ಎದ್ರುಗೆ ಬಾಯ್ ಬುಡ್ಬ್ಯಾಡ ಅನ್ನೋದ ಕೊನೇಲಿ ಬರ್ದಿದೀರಲ್ಲ, ಮೊದ್ಲೇ ಬರೀಬಾರ್ದಿತ್ತಾ? ಕಾಗ್ದ ಬಂದ್ರೆ ಅತ್ತೆ ಕಂಬಕ್ಕೆ ಒರಗಿ ಕೂತ್ಕತಾರೆ, ನಾನು ಗಟ್ಟಿಯಾಗಿ ಓದ್ತೀನಿ, ನಿಮ್ಗೆ ಗೊತ್ತಿಲ್ವಾ? ಬೊಂಬಾಯಿ ರೈಲಿನ್ ವಿಚಾರಕ್ಕೆ ಅವ್ರು ನಗ್ತಾ ಇದ್ರು. ನಾನೂ ನಗ್ನಗ್ತಾನೇ ಮುಂದುಕ್ ಓದುದ್ನಲ್ಲ. ಗುಂಡಿ ಒತ್ತಿದ್ದೂ ನನ್ ಬಾಯಿಂದ್ಲೇ ಬಂದ್ಬುಡ್ತು. ಆಮೇಲೆ ನಿಮ್ ಬ್ಯಾಡ ಅನ್ನೋ ಸಾಲು ಸಿಕ್ತು. ಅತ್ತೆ ಎದ್ದು ಮಗೀನ ಎತ್ಕಂಡು ಒಳೀಕ್ ಹೋದ್ರು. ನನ್ ಜೊತೆ ಮಾತು ಬುಟ್ಬುಟ್ರು.

ಬೋರಿಗೆ ವಸಿ ಮೈ ಬೆಚ್ಚಗದೆ. ಗಂಟ್ಲು ನೋವೇನೋ, ಹಾಲು ಕುಡ್ಯಾಕೆ ಹಟ ಮಾಡ್ತಾಳೆ. ಅಂತಾದ್ದೇನಿಲ್ಲ. ಅಣ್ಣ ಪೇಟೆಯಿಂದ ಗಾಡಿ ಕಟ್ಕಂಡು ಬಂದವ್ನೆ, ಸುಮ್ನೆ ನೋಡ್ಕಂಡ್ ಹೋಗಾನ ಅಂತ. ನೀವು ಯೋಚ್ನೆ ಮಾಡ್ಬ್ಯಾಡಿ, ಕೆಲ್ಸ ನೋಡ್ಕಳಿ.

ಒಂದೇ ಒಂದು ಕೇಳ್ತೀನಿ. ಆ ಪಟ ಸುಟ್ಟಾಕ್ಬುಡಿ. ಫಿಲಮ್ಮೋ ಎಂತದೋ, ಏನಿದ್ರೂ ಸುಟ್ಟಾಕಿ. ಒಂದ್ ಚೂರೂ ಮಡಿಕ್ಕಬ್ಯಾಡಿ. ಅದು ಹೋದ್ರೆ ಎಲ್ಲಾ ಸರಿಹೋಯ್ತದೆ ಅಂತ ಅತ್ತೆ ಅಂತಾರೆ, ನಂಗೂ ಅಂಗೇ ಅನ್ಸ್ತದೆ. ನಗ್ಬ್ಯಾಡಿ. ನನ್ ತಾಳಿ ಮೇಲಾಣೆ. ಈ ಕಾಗ್ದ ಕೈಗೆ ಸಿಕ್ಕುದ್ ತಕ್ಷಣ ಮಾಡಿ.

ಇಂದ್ರಮ್ಮ


ಮೊಂಬಾಸಾ
3ನೇ ಮಾರ್ಚಿ 1936

ಚಿ|| ಸೌ|| ಇಂದ್ರಮ್ಮನಿಗೆ,

ಈ ಕಾಗದವನ್ನು ನೀನೊಬ್ಬಳೇ ಓದಬೇಕು. ಅವ್ವ ಪಕ್ಕದಲ್ಲಿದ್ದರೆ ಮಡಿಸಿಟ್ಟುಬಿಡು. ಬೊಂಬಾಯಿಯಿಂದ ಬರೆಯುವಾಗ ನೀನು ಅವ್ವನ ಎದುರೇ ಗಟ್ಟಿಯಾಗಿ ಓದುತ್ತೀಯೆಂಬುದು ಹೊಳೆಯಲೇ ಇಲ್ಲ ನೋಡು, ಹಡಗಿನಲ್ಲಿ ನೆನಪಾಯಿತು.

ಸುಖವಾಗಿ ಬಂದು ಸೇರಿದೆ. ಸಮುದ್ರದಲ್ಲಿ ಕರುಳು ಕಿತ್ತು ಬರುವಷ್ಟು ವಾಂತಿ, ಅದೀಗ ಮುಗಿಯಿತು. ನಿನ್ನ ಕಾಗದ ಇನ್ನೂ ಒಂದೂ ಬಂದಿಲ್ಲ. ನಿನ್ನೆ ಸೇಠ್ ಅವರ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದೆ.

ಬಂದಿದ್ದಾಳೆ ಇಂದ್ರಮ್ಮಿ! ಎಷ್ಟು ಚೆನ್ನಾಗಿ ಬಂದಿದ್ದಾಳೆ ಅಂತೀಯ! ಒಂದು ಕಾಲು ಮಡಚಿಕೊಂಡು ಕೂತಿದ್ದಾಳೆ. ಬಲಗೈಯಲ್ಲಿ ಬೆಲ್ಲದ ಚೂರು, ಗಲ್ಲದ ತುಂಬ ಮೆತ್ತಿಕೊಂಡಿದೆ. ಕೂದಲು ಎಡಗಣ್ಣಿನ ಮೇಲೆ ಬಿದ್ದಿದೆ. ಬಾಯಿ ಅರ್ಧ ತೆರೆದು ‘ಅಪ್ಪಾ’ ಅನ್ನುವುದರಲ್ಲಿದ್ದಾಳೆ, ಕೆಳಗಿನ ಹಲ್ಲು ಕಾಣುತ್ತಿವೆ. ಫಿಲಮಿನಲ್ಲಿ ಕಪ್ಪೆಲ್ಲ ಬಿಳಿ, ಬಿಳಿಯೆಲ್ಲ ಕಪ್ಪು. ಆದ್ದರಿಂದ ನಮ್ಮ ಬೋರಿಗೆ ತಲೆ ತುಂಬ ಬಿಳಿ ಕೂದಲು. ನೂರು ವರ್ಷದ ಅಜ್ಜಿಯ ಹಾಗೆ ಕಾಣುತ್ತಾಳೆ. ದೀಪದ ಎದುರು ಹಿಡಿದುಕೊಂಡು ಒಬ್ಬನೇ ನಕ್ಕೆ, ಆಮೇಲೆ ಅಳು ಬಂತು.

ಕಾಗದದ ಮೇಲೆ ಹಾಕಿ ಕಳಿಸಲೇ ಅಂದುಕೊಂಡೆ. ಅಂಚೆಯಲ್ಲಿ ಅವ್ವನ ಕೈಗೆ ಸಿಕ್ಕರೆ ನಿನಗೆ ಕಷ್ಟ. ನನ್ನ ಹತ್ತಿರವೇ ಇರಲಿ. ಮುಡಿ ಕೊಟ್ಟ ಮೇಲೆ ತಿಳಿಸು.

ಚಲುವರಾಜು


ಮೊಂಬಾಸಾ
22ನೇ ಮಾರ್ಚಿ 1936

ಚಿ|| ಸೌ|| ಇಂದ್ರಮ್ಮನಿಗೆ,

ನಿನ್ನ ಫೆಬ್ರವರಿ ಕಾಗದ ಮೊನ್ನೆ ಸಿಕ್ಕಿತು. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಮಕ್ಕಳಿಗೆ ಮೈ ಬೆಚ್ಚಗಾಗದೆ ಇರುತ್ತದೆಯೇ? ದವಡೆಯ ಹಲ್ಲು ಬರುವ ವಯಸ್ಸು. ನೀನು ಈ ಕಾಗದ ಓದುವ ಹೊತ್ತಿಗೆ ಅವಳು ಮನೆಯೆಲ್ಲ ಓಡಾಡಿ ಹಿಟ್ಟಿನ ಮಡಕೆ ಒಡೆದಿರುತ್ತಾಳೆ. ಲಿಂಗಣ್ಣ ಬಂದದ್ದು ಒಳ್ಳೆಯದಾಯಿತು, ಆಲೆಮನೆಗೆ ಒಂದು ಕೈ ಸಿಕ್ಕಿತು.

ಆದರೂ ನಿನ್ನ ತಾಳಿಯ ಆಣೆ ಮನಸ್ಸಿನಿಂದ ಹೋಗಲಿಲ್ಲ. ಅಲ್ಲಿ ನೀನು ಅವ್ವ ಮಾತು ಬಿಟ್ಟುಕೊಂಡು ಒಂದೇ ಮನೆಯಲ್ಲಿ ಕೂತಿರುವುದು, ಇಲ್ಲಿ ನಾನು ಫಿಲಂ ನೋಡಿಕೊಂಡು ನಗುವುದು, ಇದು ಸರಿಯಲ್ಲ ಅನ್ನಿಸಿತು. ನನ್ನ ಸಂತೋಷಕ್ಕೆ ನೀನು ಹೆದರಿಕೊಂಡು ಮೂರು ವರ್ಷ ಬದುಕಬೇಕೇ?

ಇವತ್ತು ಬೆಳಿಗ್ಗೆ ಅವಳ ಪಟವನ್ನು ಸುರುಳಿಯಿಂದ ಕತ್ತರಿಸಿ ತೆಗೆದೆ. ಕಾಗದದ ಮೇಲೆ ಹಾಕಿರಲಿಲ್ಲ. ಹಾಕಿದ್ದರೆ ಸುಡಲು ಕೈ ಬರುತ್ತಿರಲಿಲ್ಲ. ಚಹಾ ಕಾಯಿಸುವ ಇದ್ದಿಲ ಒಲೆಗೆ ಹಾಕಿದೆ. ಸುರುಟಿಕೊಂಡು ಭಗ್ಗೆಂದು ಹೋಯಿತು. ಒಂದು ಚೂರೂ ಉಳಿದಿಲ್ಲ, ಆಣೆ. ಅವ್ವನಿಗೂ ಹೇಳು.

‘ಯಾವತ್ತು ನನ್ನ ಮಾತು ಕೇಳಿದೀರಿ’ ಅನ್ನುತ್ತೀಯಲ್ಲ, ಇಗೋ, ಕೇಳಿದ್ದೇನೆ. ಅವಳು ನೂರು ವರ್ಷ ಚೆನ್ನಾಗಿರಲಿ. ಮುಖಕ್ಕೇನು, ಬಂದು ನೋಡುತ್ತೇನೆ. ಈಗ ನಗು ನೋಡೋಣ.

ನಿನ್ನ
ಚಲುವರಾಜು


ಕ್ಯಾತನಹಳ್ಳಿ
26ನೇ ಮಾರ್ಚಿ 1936

ಯಜಮಾನರಿಗೆ,

ನೀವು ಮೊಂಬಾಸಾ ಸೇರಿ ಬರ್ದ ಕಾಗ್ದ ನೆನ್ನೆ ಬಂತು. ಒಬ್ಳೇ ಓದು ಅಂದಿದ್ರಿ, ಒಬ್ಳೇ ಓದ್ದೆ. ಈಗ ನೀವೂ ಎಲ್ಲಾದ್ರೂ ಕೂತ್ಕಂಡು ಓದಿ. ಪಕ್ಕದಲ್ಲಿ ಯಾರಾದ್ರೂ ಇರ್ಲಿ.

ಬೋರಿ ಇಲ್ಲ ಕಣ್ರೀ. ನಿಮ್ ಹಡಗು ಇನ್ನಾ ನೀರ್ ಮೇಲಿರೋವಾಗ್ಲೇ ಹೋಗ್ಬುಟ್ಲು. ಗಂಟ್ಲು ಕಟ್ಕಂಡಿತ್ತು. ಉಸ್ರು ಎಳ್ಯೋದು ಬೀದಿಗೆ ಕೇಳ್ಸೋದು. ಅಂತಾದ್ದೇನಿಲ್ಲ ಅಂತ ನಿಮ್ಗೆ ಬರ್ದಾಗ ನನ್ ತೊಡೆ ಮೇಲೆ ಮಲ್ಗಿ ಅಂಗೇ ಎಳಿತಿದ್ಲು. ಅಣ್ಣ ಗಾಡಿ ಕಟ್ಕಂಡು ಬಂದಿದ್ದು ನೋಡ್ಕಂಡ್ ಹೋಗಾಕಲ್ಲ, ಸೀರಂಗಪಟ್ಣದ ಆಸ್ಪತ್ರೆಗೆ ಕರ್ಕಂಡ್ ಹೋಗಾಕೆ. ಹೊಳೆ ಸೇತುವೆ ಕಾಣೋ ಮುಂಚೇನೇ ಮುಗ್ದೋಯ್ತು. ಅಣ್ಣ ಎತ್ತು ಹೊಡಿತಾನೇ ಇದ್ದ, ನಾನು ಬಾಳ ಹೊತ್ತು ಅವ್ನಿಗೆ ಹೇಳ್ಲೇ ಇಲ್ಲ.

ಮುಡಿ ಕೊಡ್ಲಿಲ್ಲ. ಮುಡಿ ಸಮೇತ್ವಾಗಿ ಮಣ್ ಮಾಡುದ್ರು.

ಬರೀಬ್ಯಾಡ ಅಂದ್ರು ಅತ್ತೆ. ‘ನೀರ್ ಮೇಲೆ ಅವ್ನೆ, ಒಬ್ನೇ ಅವ್ನೆ, ಕೇಳುದ್ರೆ ಏನ್ ಮಾಡ್ಕತಾನೋ’ ಅಂದ್ರು. ಅದ್ಕೇ ಸುಮ್ನಿದ್ದೆ. ಪಟ ತೆಗ್ದೇ ತಿಂದ ಅಂತ ಮೊದ್ಲು ಅಂತಿದ್ರು. ಈಗ ಅದ್ನೂ ಅನ್ನಾಕಿಲ್ಲ. ನೆಲ ನೋಡ್ಕಂಡು ಕೂತಿರ್ತಾರೆ. ನಾನೂ ನಿಮ್ಮುನ್ನ ಬಾಯಿಗ್ ಬಂದಂಗೆ ಬೈಕಂಡೆ. ಸುಳ್ ಯಾಕ್ ಹೇಳ್ಲಿ? ಎಷ್ಟೋ ದಿನ ನಿಮ್ ಹೆಸ್ರು ಕೇಳುದ್ರೆ ಮೈ ಉರೀತಿತ್ತು. ಆ ಕಿಂಡಿ ಮಾಡಿದ್ದು ನನ್ ಕೈಯಲ್ವಾ ಅಂತ ಕೈ ನೋಡ್ಕಂಡು ಅತ್ತಿವ್ನಿ. ಮೂರ್ನೇ ಮನೆ ಕುಳ್ಳಮ್ಮನ ಮಗೀಗೂ ಅದೇ ಗಂಟ್ಲು ಬಂತು, ಅದೂ ಹೋಯ್ತು. ಅದುನ್ ಪಟ ಯಾರ್ ತೆಗ್ದಿದ್ರು? ಅವತ್ತು ನನ್ ಸಿಟ್ಟು ಇಳೀತು.

ಅವ್ಳು ಹೋದ್ ದಿವ್ಸ ಅಣ್ಣ ಕೇಳ್ದ, ಪಟ್ಣದಿಂದ ಫೋಟೋದೋನ ಕರುಸ್ಲಾ, ಒಂದ್ ನೆನಪಿಗಿರ್ಲಿ ಅಂತ. ಬ್ಯಾಡ ಅಂದೆ. ಕಣ್ ಮುಚ್ಕಂಡಿರೋ ಪಟ ಯಾರ್ಗೆ ಬೇಕು? ಕಣ್ ಬುಟ್ಕಂಡಿರೋದು ನಿಮ್ ತಾವ ಅದೆ ಅಂತ ಅವತ್ತೇ ಮನ್ಸಿಗೆ ಬಂತು. ಬಾಯ್ ಬುಡ್ಲಿಲ್ಲ.

ನೆನ್ನೆ ನಿಮ್ ಕಾಗ್ದದಲ್ಲಿ ಓದುದ್ಮೇಲೆ ನಂಗೆ ತಡ್ಕಳಾಕೆ ಆಯ್ತಾ ಇಲ್ಲ. ಕಣ್ ಮುಚ್ಚುದ್ರೆ ನಂಗೆ ಗಾಡೀಲಿದ್ದ ಮಕವೇ ಬತ್ತದೆ. ಜಗ್ಲಿ ಮೇಲಿನ್ ಮಕ ಬರಾಕಿಲ್ಲ. ಎಷ್ಟ್ ಎಳುದ್ರೂ ಬರಾಕಿಲ್ಲ. ಹೆತ್ತ್ ತಾಯಿಗೆ ಮಗೀನ ಮಕ ಮರ್ತೋಯ್ತದಾ? ಯಾರ್ನ ಕೇಳ್ಲಿ ನಾನು ಇದ್ನ? ಅತ್ತೇನ ಕೇಳ್ದೆ. ಅವ್ರು ನನ್ ತಲೆ ಮೇಲೆ ಕೈ ಮಡಗಿ ‘ಕಾಗ್ದ ಬರಿ, ಅವ್ನ್ ತಾವ ಇರಾದ್ ತರ್ಸ್ಕೊ, ನಾನೂ ನೋಡ್ತೀನಿ’ ಅಂದ್ರು. ಅವ್ರೇ ಅಂದ್ರು ಕಣ್ರೀ.

ಅದ್ನ ಕಳ್ಸಿ. ಕಾಗ್ದದ್ ಮೇಲೆ ಹಾಕಿ ಕಳ್ಸಿ, ಇಲ್ಲ ಆ ಫಿಲಮ್ಮೇ ಕಳ್ಸಿ. ಬಿಳಿ ಕೂದ್ಲಾದ್ರೂ ಇರ್ಲಿ, ನಂಗೆ ಗುರ್ತು ಸಿಕ್ತದೆ.

ಸುಟ್ಟಾಕಿ ಅಂತ ಹಿಂದೆ ಬರ್ದಿದ್ನಲ್ಲ, ಆ ಕಾಗ್ದ ಇಷ್ಟೊತ್ಗೆ ನಿಮ್ ಕೈ ಸೇರಿರ್ತದೆ. ನೆನುಸ್ಕಂಡ್ರೆ ಮಲಗಿದ್ದೋಳು ಎದ್ದು ಕೂತ್ಕತೀನಿ. ಆಮೇಲೆ ನಾನೇ ಸಮಾದಾನ ಮಾಡ್ಕತೀನಿ. ಮದ್ವೆ ಆದಾಗಿಂದ ನಾನು ಹೇಳಿದ್ ಒಂದ್ ಮಾತು ಕೇಳಿದೀರಾ ನೀವು? ತಾಳಿ ಮೇಲಾಣೆ ಅಂದ್ರೂ ‘ಹೋಗಮ್ಮಿ’ ಅಂತ ನಗೋರು. ಈ ಸಲಾನೂ ಕೇಳಿರಾಕಿಲ್ಲ. ದಮ್ಮಯ್ಯ ಅಂತೀನಿ, ಕೇಳಿರ್ಬ್ಯಾಡಿ.

ಇಂದ್ರಮ್ಮ